ಓರಗಿತ್ತಿಯ ಹೆಸರಲ್ಲಿ ಮಲಗಿದವಳು

ನಂಜಮ್ಮ ಕೆಂದ ಹಸುವಿನ ಹಾಲು ಕರೆದು ಮುಗಿಸಿ, ಇನ್ನೊಂದರ ಕೆಚ್ಚಲಿಗೆ ನೀರು ಎರಚುತ್ತಿದ್ದಳು. ಡೈರಿ ಬಾಗಿಲು ಹಾಕುವ ಹೊತ್ತು ಹತ್ತಿರವಾಗಿತ್ತು. ಅವಸರದಲ್ಲಿ ಬಕೆಟ್ಟು ಎತ್ತಿಕೊಂಡು ತಿರುಗಿದವಳು ಗಂಜಲ ಹರಿದ ಕಲ್ಲಿನ ಮೇಲೆ ಜಾರಿದಳು. ಎಡಗಾಲು ಮೈಯಡಿಗೆ ಸಿಕ್ಕಿತು. ಮೂಳೆ ಮುರಿದ ಸದ್ದು ಅವಳಿಗೇ ಕೇಳಿಸಿತು. ಆದರೂ ಅವಳು ಮೊದಲು ನೋಡಿದ್ದು ಹಾಲು ಚೆಲ್ಲಿತೇ ಎಂದು.

ಹೊಳೆನರಸೀಪುರದ ಡಾಕ್ಟರು ಎಕ್ಸರೇ ನೋಡಿ, "ಮೊಣಕಾಲಿನ ಕೆಳಗಿನ ಮೂಳೆ ಎರಡು ತುಂಡಾಗಿದೆ. ಹಾಸನಕ್ಕೆ ಕರ್ಕೊಂಡು ಹೋಗಿ. ಆಪರೇಷನ್ ಮಾಡಿ ಒಳಗೆ ರಾಡ್ ಹಾಕಬೇಕು" ಎಂದರು.

ನಂಜಮ್ಮನ ಗಂಡ ಲಕ್ಕಯ್ಯ ಹಾಲಿನ ಸಂಘದ ಸದಸ್ಯ. ಸಂಘದವರು ಆಪರೇಷನ್ ಖರ್ಚಿಗೆಂದು ಆರೋಗ್ಯ ಕಾರ್ಡು ಮಾಡಿಸಿಕೊಟ್ಟಿದ್ದರು. ತಲೆಗಿಷ್ಟು ಎಂದು ಹಣ ಕಟ್ಟಬೇಕಿತ್ತು. ಲಕ್ಕಯ್ಯ ತನ್ನದೂ ಇಬ್ಬರು ಗಂಡುಮಕ್ಕಳದೂ ಹೆಸರು ಬರೆಸಿದ್ದ. "ಮನೇಲೇ ಇರೋಳ್ಗೆ ಏನಾಯ್ತದೆ?" ಎಂದು ಹೆಂಡತಿಯ ಹೆಸರು ಬಿಟ್ಟಿದ್ದ. ಆ ಸಂಘಕ್ಕೆ ಎರಡು ಹೊತ್ತೂ ಹಾಲು ಹೊತ್ತು ಹಾಕುತ್ತಿದ್ದವಳು ಅವಳೇ.

ಹಾಸನದ ದಾರಿಯಲ್ಲಿ ವ್ಯಾನಿನೊಳಗೆ ಲಕ್ಕಯ್ಯನ ಅಣ್ಣ ಕೆಂಚಯ್ಯ ಉಪಾಯ ತೆಗೆದ. ಅವನೂ ಅದೇ ಸಂಘದ ಸದಸ್ಯ.

"ನನ್ ಕಾರ್ಡ್‌ನಾಗೆ ನಮ್ಮನೆಯೋಳ ಹೆಸ್ರದೆ. ಪುಟ್ಟತಾಯಮ್ಮ ಅಂತಲೇ ಸೇರಿಸ್ಬುಡಾನ. ಇಬ್ರೂ ಒಂದೇ ಎತ್ರ, ಒಂದೇ ಬಣ್ಣ. ಆ ಫೋಟೋ ನೋಡಿದ್ರೆ ನಂಗೇ ಗುರುತು ಸಿಕ್ಕಾಕಿಲ್ಲ."

"ತಪ್ಪಾಗಾಕಿಲ್ವಾ ಅಣ್ಣಾ?"

"ತಪ್ಪೇನ್ಲಾ? ದುಡ್ಡು ಕಟ್ಟಿರೋರು ನಾವೇ ತಾನೇ? ನೀನು ಮಾತ್ರ ಒಳೀಕ್ ಬರ್ಬ್ಯಾಡ. ಗಂಡ ಅಂತ ನಾನ್ ನಿಂತ್ಕತೀನಿ."

ನಂಜಮ್ಮನನ್ನು ಯಾರೂ ಕೇಳಲಿಲ್ಲ. ಅವಳ ಓರಗಿತ್ತಿಯ ಹೆಸರಿನಲ್ಲಿ ಅವಳನ್ನು ಹಾಸನದ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದರು.

ಆ ಮನೆಯಲ್ಲಿ ನಂಜಮ್ಮ ಸೊಸೆಯಾಗಿ ಬಂದಾಗಿನಿಂದ ಭಾವನ ಎದುರು ಕೂತವಳಲ್ಲ, ಮುಖ ಕೊಟ್ಟು ಮಾತಾಡಿದವಳಲ್ಲ. ಅವನೂ ಅವಳಿದ್ದ ಕಡೆಗೆ ಕೆಮ್ಮದೆ ಬಂದವನಲ್ಲ. ಈಗ ಅವನೇ ಗಂಡನ ವೇಷ ಹಾಕಬೇಕು. ವಾರ್ಡಿನ ಬಾಗಿಲಲ್ಲಿ ಒಂದು ಸಲ ಕೆಮ್ಮಿ, ಗೋಡೆ ನೋಡಿಕೊಂಡು ಬಂದು, ಬ್ರೆಡ್ಡಿನ ಪೊಟ್ಟಣವನ್ನು ಪಕ್ಕದ ಮಂಚದವಳ ಕೈಗೆ ಕೊಟ್ಟು ಹೋಗಿಬಿಡುತ್ತಿದ್ದ. ನಂಜಮ್ಮ ಸೆರಗನ್ನು ಹಣೆಯವರೆಗೆ ಎಳೆದುಕೊಳ್ಳುತ್ತಿದ್ದಳು.

"ಏನವ್ವಾ, ಗಂಡನ ಜೊತೆ ಟೂ ಬಿಟ್ಟಿದ್ದೀಯಾ? ಆವಯ್ಯ ನಿನ್ ಕಡೀಕೆ ತಿರುಗೂ ನೋಡಾಕಿಲ್ವಲ್ಲ!" ಪಕ್ಕದವಳು ನಕ್ಕಳು.

ನಂಜಮ್ಮನಿಗೆ ನಗು ಬರಲಿಲ್ಲ. ಕಿಟಕಿಯಲ್ಲಿ ಗೇಟಿನ ಹತ್ತಿರದ ಮರ ಕಾಣುತ್ತಿತ್ತು. ಅದರ ಕೆಳಗೆ ಲಕ್ಕಯ್ಯ ಕುಕ್ಕರುಗಾಲಲ್ಲಿ ಕೂತು, ಸಾಲು ಕಿಟಕಿಗಳಲ್ಲಿ ಹೆಂಡತಿಯದು ಯಾವುದೆಂದು ತಿಳಿಯದೆ ಒಂದೊಂದನ್ನೇ ನೋಡುತ್ತಿದ್ದ. ಕೂಗಿ ಕರೆಯೋಣವೆಂದರೆ ಏನೆಂದು ಕರೆಯುವುದು? ಅವನೀಗ ಅವಳಿಗೆ ಮೈದುನ.

"ಪುಟ್ಟತಾಯಮ್ಮಾ, ನೋವು ಹೇಗಿದೆ?" ಎಂದು ನರ್ಸ್ ಕೇಳಿದಾಗ, ಬೇರೆ ಯಾರನ್ನೋ ಕೇಳಿದಂತಾಗಿ ಅವಳು ತಡವಾಗಿ 'ಊಂ' ಎನ್ನುತ್ತಿದ್ದಳು. ನೋವು ಅವಳದು, ಹೆಸರು ಓರಗಿತ್ತಿಯದು. ಆಪರೇಷನ್ನಿಗೆ ಒಳಗೆ ಹೋದ ಮೇಲೆ ಹೆಚ್ಚುಕಮ್ಮಿಯಾದರೆ ಸತ್ತವಳು ಯಾರೆಂದು ಬರೆಯುತ್ತಾರೆ? ಯಾರನ್ನು ಕೇಳುವುದೆಂದೂ ತೋಚಲಿಲ್ಲ.

ಆಪರೇಷನ್ನಿಗೆ ಮೊದಲು ಶ್ರೀಗೌರಿ ಬಂದಳು. ಆಸ್ಪತ್ರೆಯಲ್ಲಿ ಆಪರೇಷನ್ನುಗಳ ಬಿಲ್ಲು ಬರೆಯುವವಳು. ಕಾರ್ಡಿನ ಮೇಲೆ ಚಿಕಿತ್ಸೆ ಪಡೆಯುವವರನ್ನು ಒಮ್ಮೆ ಕಣ್ಣಾರೆ ನೋಡಿ ಹೋಗುವುದು ಅವಳ ಕೆಲಸ. ಅವಳು ಕೂತಿದ್ದಾಗಲೇ ಬಾಗಿಲಲ್ಲಿ ಕೆಂಚಯ್ಯ ಕೆಮ್ಮಿದ. ನಂಜಮ್ಮನ ಕೈ ತಾನಾಗಿ ಸೆರಗಿಗೆ ಹೋಯಿತು.

ಶ್ರೀಗೌರಿ ಇಬ್ಬರನ್ನೂ ನೋಡಿದಳು. "ನಾನೂ ಹೊಳೆನರಸೀಪುರದವಳೇ ಕಣಮ್ಮ. ಗಂಡ ಬಂದರೆ ಯಾರೂ ಹೀಗೆ ಸೆರಗೆಳೆಯೋಲ್ಲ. ಅವರು ನಿಮಗೆ ಭಾವ ಆಗಬೇಕಲ್ವಾ?"

ನಂಜಮ್ಮನ ಕಣ್ಣು ತುಂಬಿತು. ಕೆಂಚಯ್ಯ ಗೋಡೆ ಬಿಟ್ಟು ಈ ಕಡೆ ತಿರುಗಿದ.

"ಸುಮ್ಕಿರವ್ವಾ, ಯಾರ ಕಾಲಾದ್ರೇನು? ಕಾಲು ಕಾಲೇ ತಾನೇ?"

"ಇಲ್ಲ ಕೆಂಚಯ್ಯನವರೇ. ಒಂದೊಂದು ಆಪರೇಷನ್ನಿಗೂ ಒಂದೊಂದು ನಂಬರ್ ಇದೆ. ಈ ಮೂಳೆಗೆ ರಾಡ್ ಹಾಕಿದರೆ ಒಂದು, ತೊಡೆ ಮೂಳೆಗೆ ಪ್ಲೇಟ್ ಕೂರಿಸಿದರೆ ಬೇರೆ. ಆ ನಂಬರು ಹೆಸರಿನ ಜೊತೆ ಕಾರ್ಡಿನ ಆಫೀಸಿಗೆ ಹೋಗುತ್ತೆ. ನಾಳೆ ನಿಮ್ಮ ಮನೆಯವರೇ ನಿಜವಾಗಿ ಕಾಲು ಮುರ್ಕೊಂಡು ಬಂದರೆ, 'ಈ ಕಾಲಿಗೆ ಆಗಲೇ ರಾಡ್ ಹಾಕಿದೆಯಲ್ಲ, ಎಲ್ಲಿ ಅದು?' ಅಂತ ಕೇಳ್ತಾರೆ. ಏನು ಹೇಳ್ತೀರಿ?"

ಕೆಂಚಯ್ಯ ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ಇವರ ಕಾಲೊಳಗೆ ರಾಡ್ ಇರುತ್ತೆ, ಯಾವ ಕಾಗದದಲ್ಲೂ ಇರೋಲ್ಲ. ಮುಂದೆ ತೆಗೆಸಬೇಕಾದರೆ, ಕೀವಾದರೆ, ಯಾವ ಹೆಸರಲ್ಲಿ ಬರ್ತಾರೆ? ಸಿಕ್ಕಿಬಿದ್ದರೆ ನಿಮ್ಮ ಕಾರ್ಡೂ ಹೋಗುತ್ತೆ."

"ಈಗ ಬರ್ಸಿ ಆಗೋಯ್ತಲ್ಲವ್ವಾ. ಸುಳ್ ಹೇಳಿದ್ರಿ ಅಂತ ಪೊಲೀಸ್ನೋರ್ನ ಕರ್ದುಬುಟ್ರೆ?" ಅವನ ದನಿ ಇಳಿದಿತ್ತು. "ನಮ್ ತಮ್ಮನ್ ಹೆಂಡ್ರಿಗೆ ನೀನೇ ಹೇಳವ್ವ, ಬಾಯ್ ಬಿಡ್ಬ್ಯಾಡ ಅಂತ."

ಆಗ ಸೆರಗಿನ ಒಳಗಿನಿಂದ ದನಿ ಬಂತು. ಭಾವನ ಎದುರು ನಂಜಮ್ಮ ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

"ನಾನು ನಂಜಮ್ಮ ಕಣವ್ವ. ನನ್ ಹೆಸ್ರು ಬರ್ಕೊ. ಗೇಟ್ತಾವ ಕುಂತವ್ರಲ್ಲ, ಅವ್ರು ನಮ್ಮೆಜಮಾನ್ರು. ಒಳೀಕ್ ಕರೀರಿ."

ಬಿಲ್ಲು ಇನ್ನೂ ಕಳಿಸಿರಲಿಲ್ಲ, ಹಾಗಾಗಿ ಮಾತು ಪೊಲೀಸರವರೆಗೆ ಹೋಗಲಿಲ್ಲ. ಶ್ರೀಗೌರಿ ಮೇಲಿನವರಿಗೆ ತಿಳಿಸಿ ಹೆಸರು ಸರಿ ಮಾಡಿಸಿದಳು. ಕಾರ್ಡಿಲ್ಲದೆ ಅಲ್ಲಿನ ಖರ್ಚು ಆ ಮನೆಗೆ ಭಾರವೆಂದು, ಸರ್ಕಾರಿ ಜಿಲ್ಲಾ ಆಸ್ಪತ್ರೆಗೆ ಕಳಿಸುವ ಏರ್ಪಾಡೂ ಆಯಿತು. ಅಲ್ಲಿ ಸರದಿ ಬರಲು ಕಾಯಬೇಕಾಯಿತು. ಆದರೆ ಲಕ್ಕಯ್ಯ ಮಂಚದ ಪಕ್ಕದಲ್ಲೇ ಕೂತ.

"ನಿನ್ ಹೆಸ್ರು ಬಿಟ್ಟಿದ್ದು ನಂದೇ ತಪ್ಪು ಕಣೇ. ಕಾರ್ಡ್ ಹೊಸದು ಮಾಡ್ಸುವಾಗ ಮೊದ್ಲು ನಿಂದೇ ಬರೆಸ್ತೀನಿ" ಎಂದ. ಕೆಂಚಯ್ಯನೂ ಬಾಗಿಲಾಚೆಯಿಂದ, "ಬರೆಸ್ಲಾ, ಬರೆಸು" ಎಂದು ಕೆಮ್ಮಿದ.

ಆಪರೇಷನ್ ಆಯಿತು. ಮನೆಗೆ ಬರುವಾಗ ಕೊಟ್ಟ ಚೀಟಿಯಲ್ಲಿ 'ನಂಜಮ್ಮ, ಎಡಗಾಲು' ಎಂದು ಮಗ ಓದಿ ಹೇಳಿದ. ಅವಳು ಅದನ್ನು ಸೀರೆಗಳ ನಡುವೆ ಇಟ್ಟಳು.

ಕೋಲು ಬಿಟ್ಟು ನಡೆಯುವಂತಾದ ಮೇಲೆ ಒಂದು ಬೆಳಿಗ್ಗೆ ಅವಳೇ ಡೈರಿಗೆ ಹೋದಳು. ಹಾಲು ಅಳೆಯುವವನು ಎಂದಿನಂತೆ, "ಲಕ್ಕಯ್ಯಂದು" ಎಂದು ಕೂಗಿ ಬರೆಸಿದ. ನಂಜಮ್ಮ ಖಾಲಿ ಕ್ಯಾನು ಎತ್ತಿಕೊಂಡಳು. ಕಾರ್ಡಿಗೆ ಅವಳ ಹೆಸರನ್ನು ಗಂಡ ಬರೆಸುತ್ತಾನೆ, ನಿಜ. ಆದರೆ ಇನ್ನು ಯಾರೋ ಬರೆಸಲಿ ಎಂದು ಕಾಯುವುದಿಲ್ಲ. ಸಂಘ ಹೊಸ ಸದಸ್ಯರನ್ನು ಸೇರಿಸಿಕೊಳ್ಳುವಾಗ ತಾನೇ ಸೇರಬೇಕು, ಕಾರ್ಡು ತನ್ನ ಹೆಸರಲ್ಲೇ ಬರಬೇಕು. ಹೀಗೆಂದು ನಿಶ್ಚಯಿಸಿ, ಯಾರಿಗೂ ಹೇಳದೆ, ಕಲ್ಲು ನೋಡಿ ಕಾಲಿಡುತ್ತಾ ಮನೆಗೆ ನಡೆದಳು.

ಅಕ್ಕಂದಿರೇ, ತಾಯಂದಿರೇ, ಇವತ್ತೇ ಮನೆಯ ಆರೋಗ್ಯ ಕಾರ್ಡು ತೆಗೆದು ನೋಡಿ. ಓದಲು ಬಾರದಿದ್ದರೆ ಬಲ್ಲವರಿಂದ ಓದಿಸಿ. ಮನೆಯಲ್ಲೇ ಇರುವವರ ಕಾಲೂ ಮುರಿಯುತ್ತದೆ. ಇನ್ನೊಬ್ಬರ ಹೆಸರಲ್ಲಿ ಆಸ್ಪತ್ರೆಗೆ ಸೇರಬೇಡಿ, ಸೇರಿಸಲೂ ಬೇಡಿ. ಯಾವ ಕಾಲಿಗೆ ಯಾವ ಆಪರೇಷನ್ ಎಂದು ಬರೆದಿದ್ದಾರೆ, ಕಾರ್ಡಿನಲ್ಲಿ ಏನೇನು ಸೇರಿದೆ ಎಂದು ಮೊದಲೇ ಕೇಳಿ. ಆಮೇಲೆ ಕೊಡುವ ಚೀಟಿಯನ್ನು ಜೋಪಾನ ಮಾಡಿ. ನೋವು ನಿಮ್ಮದಾದ ಮೇಲೆ ಹೆಸರೂ ನಿಮ್ಮದೇ ಇರಲಿ.