ಅಲ್ಲಿ ಅವರು ಹೇಗಿದ್ದಾರೆ

ಡ್ರೈವರಮ್ಮ ಕ್ಲಿನಿಕ್ಕಿಗೆ ಬರುತ್ತಿದ್ದುದು ತನ್ನ ಕಾಯಿಲೆ ಹೇಳಿಕೊಳ್ಳುವುದಕ್ಕಲ್ಲ ಎಂಬುದು ಮೂಲೆ ಡಾಕ್ಟರಿಗೆ ಚೆನ್ನಾಗಿ ಗೊತ್ತಿತ್ತು. ಬಿ.ಪಿ. ನೋಡಿಸಿಕೊಳ್ಳುವ ನೆಪದಲ್ಲಿ ತೋಳು ಚಾಚಿ ಕೂರುತ್ತಿದ್ದಳು. ಪಟ್ಟಿ ಬಿಚ್ಚುವ ಹೊತ್ತಿಗೆ, ಪರವೂರಿಗೆ ಹೋದ ಗಂಡನ ಸುದ್ದಿ ಕೇಳುವಷ್ಟು ಸಲೀಸಾಗಿ, "ಅಲ್ಲಿ ಅವರು ಹೇಗಿದಾರೆ ಡಾಕ್ಟ್ರೇ?" ಎನ್ನುತ್ತಿದ್ದಳು.

ಗಂಡ ತೀರಿಕೊಂಡು ವರ್ಷದ ಮೇಲಾಗಿತ್ತು. ಅಲ್ಲಿ ಎಂದರೆ ಪರಲೋಕವಲ್ಲ, ಸಂಶೋಧನಾ ಸಂಸ್ಥೆ. ಅವರು ಎಂದರೆ, ಯಾವುದೋ ಗಾಜಿನ ಭರಣಿಯಲ್ಲಿ ಭದ್ರವಾಗಿದೆಯೆಂದು ಆಕೆ ನಂಬಿಕೊಂಡಿದ್ದ ಗಂಡನ ಮಿದುಳು.

ಇದೆಲ್ಲ ಶುರುವಾದದ್ದು ಡಾಕ್ಟರ ಹೆಮ್ಮೆಯಿಂದ. ಸಂಸ್ಥೆಯವರು ಸುತ್ತಮುತ್ತಲ ಫ್ಯಾಮಿಲಿ ಡಾಕ್ಟರುಗಳನ್ನೆಲ್ಲ ಕರೆಸಿ, ನಮಗಿಂತ ನಿಮ್ಮ ಮಾತನ್ನೇ ಜನ ನಂಬುವುದು, ಸತ್ತವರ ಮಿದುಳು ದಾನ ಕೊಡಿಸಲು ನೀವು ಕೈಜೋಡಿಸದಿದ್ದರೆ ನಮ್ಮ ಸಂಶೋಧನೆ ಮುಂದೆ ಹೋಗುವುದಿಲ್ಲ ಎಂದು ಉಬ್ಬಿಸಿ ಕಳಿಸಿದ್ದರು. ಬೀದಿಯ ತಿರುವಿನ ಸಣ್ಣ ಮಳಿಗೆಯಲ್ಲಿ ಕೂತು ಇಷ್ಟು ವರ್ಷ ಕೆಮ್ಮು-ನೆಗಡಿ, ವಾಂತಿ-ಭೇದಿ ನೋಡಿ ಬೇಸತ್ತಿದ್ದ ಮೂಲೆ ಡಾಕ್ಟರಿಗೆ ತಲೆಯ ಮೇಲೆ ಕೋಡು ಮೂಡಿದ ಹಾಗಾಗಿತ್ತು. ಅದೇ ಹೊತ್ತಿಗೆ ಡ್ರೈವರಣ್ಣ ಸಿಕ್ಕ.

ಡ್ರೈವರಣ್ಣ ಬಸ್ಸು ಓಡಿಸುತ್ತಿದ್ದವನು. ಒಂದು ದಿನ ಅವನ ಬಲಗೈ ಬೆರಳುಗಳು ಒಂದೊಂದಾಗಿ ಹೆಬ್ಬೆರಳಿಗೆ ತಾಗುತ್ತ, ಯಾರೂ ಕೇಳದ ಲೆಕ್ಕವನ್ನು ಎಣಿಸತೊಡಗಿದವು. ಆಮೇಲೆ ನಡಿಗೆ ಹಳಿ ತಪ್ಪಿತು, ಆಮೇಲೆ ಮಾತು. ಇಂಥದ್ದೇ ಕಾಯಿಲೆಯೆಂದು ಬದುಕಿರುವಾಗ ಹೇಳಲಾಗದು, ಸತ್ತ ಮೇಲೆ ಮಿದುಳು ನೋಡಿದರಷ್ಟೇ ತಿಳಿದೀತು ಎಂದು ದೊಡ್ಡಾಸ್ಪತ್ರೆಯವರು ಕೈಚೆಲ್ಲಿದರು. ಮೂಲೆ ಡಾಕ್ಟರು ಅವನ ಮಂಚದ ಪಕ್ಕ ಕೂತು, ಮಿದುಳನ್ನು ಸಂಸ್ಥೆಗೆ ಕೊಡುವ ಮಾತೆತ್ತಿದರು. ಅವನು ತೊದಲುತ್ತ ಕೇಳಿದ್ದು ಒಂದೇ ಪ್ರಶ್ನೆ.

"ನನ್ನ ಮಗಳಿಗೆ ಇದು ಬರುತ್ತೋ ಇಲ್ವೋ, ಅದು ಗೊತ್ತಾಗುತ್ತಾ?"

ಗೊತ್ತಾಗುತ್ತದೆ ಎಂದರು ಡಾಕ್ಟರು.

"ಹಾಗಾದ್ರೆ ತಗೊಳ್ಲಿ ಬಿಡಿ. ಹೇಗೂ ಅದೀಗ ನನ್ನ ಮಾತು ಕೇಳ್ತಿಲ್ಲ."

ಸಂಸ್ಥೆಯವರ ಷರತ್ತು ಕಷ್ಟದ್ದೇನಲ್ಲ. ಉಸಿರು ನಿಂತ ಕೂಡಲೇ ಫೋನು ಮಾಡಬೇಕು, ವ್ಯಾನು ಬರುತ್ತದೆ, ತಡವಾದರೆ ಮಿದುಳು ಕೆಡುತ್ತದೆ. ಡ್ರೈವರಣ್ಣ ಹೋದದ್ದು ಬೇಸಿಗೆಯ ಒಂದು ಬೆಳಗ್ಗೆ. ತಗಡಿನ ಮಾಡಿನ ಕೋಣೆ ಆಗಲೇ ಕಾಯತೊಡಗಿತ್ತು. ಡಾಕ್ಟರು ಜೇಬಿಗೆ ಕೈಹಾಕಿದಾಗ ಡ್ರೈವರಮ್ಮ ಅವರ ಮುಂಗೈ ಹಿಡಿದುಕೊಂಡಳು. ಮಗಳು ದಾರಿಯಲ್ಲಿದ್ದಾಳೆ, ಅಪ್ಪನ ಮುಖ ನೋಡಿಕೊಳ್ಳಲಿ, ಆಮೇಲೆ ಬೇಕಾದರೆ ಫೋನು ಮಾಡಿ ಎಂದು ಬೇಡಿಕೊಂಡಳು. ಸಂಸ್ಥೆಯ ವಿಜ್ಞಾನಿಯಾಗಿದ್ದರೆ ಕೈ ಬಿಡಿಸಿಕೊಂಡು ಫೋನು ಮಾಡುತ್ತಿದ್ದ. ಇವರೋ, ಆ ಹುಡುಗಿಗೆ ಲಸಿಕೆ ಚುಚ್ಚಿದವರು, ಬಿದ್ದು ಬಂದಾಗ ಮಂಡಿಗೆ ಹೊಲಿಗೆ ಹಾಕಿದವರು. ಫೋನು ಜೇಬಿನಲ್ಲೇ ಉಳಿಯಿತು. ಮಗಳ ಬಸ್ಸು ಅರ್ಧದಾರಿಯಲ್ಲಿ ಕೆಟ್ಟು ನಿಂತಿತ್ತು. ಅವಳು ಬಂದು ಅಪ್ಪನ ಕೆನ್ನೆ ಮುಟ್ಟುವಾಗ ಸಂಜೆಯಾಗಿತ್ತು.

ಆಮೇಲೆ ವ್ಯಾನೇನೋ ಬಂತು. ವಾರದೊಳಗೆ ಸಂಸ್ಥೆಯಿಂದ ಫೋನೂ ಬಂತು. ತುಂಬ ಮರ್ಯಾದೆಯಿಂದಲೇ ಹೇಳಿದರು: ಕೆಟ್ಟುಹೋಗಿದೆ, ಏನೂ ತಿಳಿಯುವಂತಿಲ್ಲ, ಇಟ್ಟುಕೊಂಡೂ ಪ್ರಯೋಜನವಿಲ್ಲ.

ಡ್ರೈವರಮ್ಮನಿಗೆ ಹೇಳಿಬಿಡಬೇಕೆಂದೇ ಡಾಕ್ಟರು ಇದ್ದರು. ಆದರೆ ಆಕೆ ಬಂದು ಕೂತು, ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಕೇಳಿದಾಗ ನಾಲಿಗೆ ಹೊರಳಲಿಲ್ಲ. ನೋಡ್ತಾ ಇದಾರಮ್ಮ ಎಂದುಬಿಟ್ಟರು. ಮುಂದಿನ ಸಲ, ಹೊಸ ಡಾಕ್ಟರುಗಳೆಲ್ಲ ಅವನಿಂದ ಪಾಠ ಕಲಿಯುತ್ತಿದ್ದಾರೆ ಎಂದರು. ಆಕೆಯ ಮುಖ ಅರಳಿತು. ಬದುಕಿದ್ದಾಗ ಕ್ಲೀನರ್ ಕೂಡ ಅವರ ಮಾತು ಕೇಳುತ್ತಿರಲಿಲ್ಲ ಎಂದು ನಕ್ಕಳು. ಅವರಿಗೆ ಸೆಕೆ ಕಂಡರೆ ಆಗುತ್ತಿರಲಿಲ್ಲ, ತಣ್ಣಗಿರುವ ಕಡೆ ಇಟ್ಟಿದ್ದಾರೆ ತಾನೆ ಎಂದೂ ವಿಚಾರಿಸಿದಳು. ಹೂಂ ಎನ್ನುವಾಗ ಡಾಕ್ಟರಿಗೆ ತಗಡಿನ ಮಾಡು ನೆನಪಾಯಿತು.

ಒಂದು ಸಲ ಆಕೆ ಅಳುತ್ತ ಬಂದಳು. ಮಗಳಿಗೆ ಮದುವೆಯಾಗಿತ್ತು, ಆದರೆ ಅಪ್ಪನ ಕಾಯಿಲೆಗೆ ಹೆದರಿ ಮಕ್ಕಳೇ ಬೇಡ ಎಂದು ಹಟ ಹಿಡಿದಿದ್ದಳು. ತಲೆನೋವಿಗೆ ಮಾತ್ರೆ ಕೊಟ್ಟಷ್ಟು ಹಗುರವಾಗಿ ಡಾಕ್ಟರ ಬಾಯಿಂದ ಮಾತು ಹೊರಬಿತ್ತು: "ಮಕ್ಕಳಿಗೆ ಬರೋ ಕಾಯಿಲೆ ಅಲ್ವಂತೆ, ಅಳಬೇಡಿ."

ಅಂದಿನಿಂದ ಡ್ರೈವರಣ್ಣ ಬರತೊಡಗಿದ.

ಡಾಕ್ಟರು ದೆವ್ವ-ಭೂತ ನಂಬುವ ಪೈಕಿಯಲ್ಲ. ದೆವ್ವ ಕಂಡಿತೆಂದು ಬಂದವರಿಗೆ ನಿದ್ದೆಮಾತ್ರೆ ಬರೆದುಕೊಟ್ಟು ಕಳಿಸಿದವರು. ಈಗ ಅದೇ ಮಾತ್ರೆ ತಾವೇ ನುಂಗುತ್ತಿದ್ದರು. ಚೀಟಿ ಬರೆಯುವಾಗ ಕಣ್ಣಂಚಿನಲ್ಲಿ, ಹೊರಗಿನ ಬೆಂಚಿನ ತುದಿಯಲ್ಲಿ, ಖಾಕಿ ಅಂಗಿ ಕಾಣಿಸುತ್ತಿತ್ತು. ತಲೆಯೆತ್ತಿದರೆ ಬರೀ ಗೋಡೆ. ಸಂಜೆ ಷಟರ್ ಎಳೆಯುವಾಗ ಒಳಗೆ ಯಾರನ್ನೋ ಬಿಟ್ಟು ಬೀಗ ಹಾಕಿದಂತಾಗಿ, ಮತ್ತೆ ಎತ್ತಿ ನೋಡುತ್ತಿದ್ದರು. ಅವನು ಸಿಟ್ಟು ಮಾಡುತ್ತಿರಲಿಲ್ಲ, ಹೆದರಿಸುತ್ತಿರಲಿಲ್ಲ. ಟೋಕನ್ ತೆಗೆದುಕೊಂಡ ಪೇಷಂಟಿನ ಹಾಗೆ ತನ್ನ ಸರದಿಗೆ ಕಾಯುತ್ತಿದ್ದ. ಒಳಗೆ ಕರೆದರೆ ಏನು ಕೇಳುತ್ತಾನೆಂದು ಡಾಕ್ಟರಿಗೆ ಗೊತ್ತಿತ್ತು. ಅದಕ್ಕೇ ಭಯ.

ಕೊನೆಗೆ ಒಳಗೆ ಬಂದವಳು ಮಗಳು. ತಾಯಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಬಂದಿದ್ದಳು. ಕೂತವಳೇ ನಾಚಿಕೊಂಡು, ಬಸುರಿಯಾಗಿರುವ ಸುದ್ದಿ ಹೇಳಿದಳು. ಗಂಡ ಎಷ್ಟು ಹೇಳಿದರೂ ಒಪ್ಪದವಳು, ಅಮ್ಮ ತಂದ ಸುದ್ದಿ ಕೇಳಿದ ಮೇಲೆ ಒಪ್ಪಿದ್ದಳಂತೆ.

"ನಿಮ್ಮ ಬಾಯಿಂದ ಒಂದ್ಸಲ ಕೇಳೋಣ ಅಂತ ಬಂದೆ, ಡಾಕ್ಟರ್ ಮಾಮ. ಬರಲ್ಲ ಅಂತ ಅಲ್ಲಿ ಹೇಳಿದ್ರಂತಲ್ಲ?"

ಡಾಕ್ಟರ ಕಣ್ಣು ಕೆಳಗಿಳಿಯಿತು. ಮೇಜಿನ ಮೇಲಿಟ್ಟಿದ್ದ ಅವಳ ಬಲಗೈ ಬೆರಳುಗಳು ಒಂದೊಂದಾಗಿ ಹೆಬ್ಬೆರಳಿಗೆ ತಾಗುತ್ತಿದ್ದವು. ಅವಳಿಗೆ ಅದರ ಪರಿವೆಯೇ ಇರಲಿಲ್ಲ.

ಇನ್ನೊಂದು ಸುಳ್ಳು ಹೇಳುವುದೇನೂ ಕಷ್ಟವಿರಲಿಲ್ಲ, ನಾಲಿಗೆ ಪಳಗಿಹೋಗಿತ್ತು. ಅರ್ಧ ತೆರೆದ ಬಾಗಿಲಿನಾಚೆ ಡ್ರೈವರಮ್ಮ ಕೂತಿದ್ದಳು. ಅವಳ ಪಕ್ಕದಲ್ಲಿ ಖಾಕಿ ತೋಳು. ಈ ಸಲ ಡಾಕ್ಟರು ದಿಟ್ಟಿಸಿ ನೋಡಿದರೂ ಅದು ಮಾಯವಾಗಲಿಲ್ಲ.

ಅವರು ಎಲ್ಲವನ್ನೂ ಹೇಳಿದರು. ಮಿದುಳು ಕೆಟ್ಟದ್ದು, ಸಂಸ್ಥೆಯವರು ಕೈಬಿಟ್ಟದ್ದು ನಿಜ; ಪಾಠ ಕಲಿಯುವ ಹೊಸ ಡಾಕ್ಟರುಗಳು, ಬರುವುದಿಲ್ಲವೆಂಬ ಮಾತು, ಎರಡೂ ತಾವೇ ಕಟ್ಟಿದ್ದು. ಹೇಳುವಾಗ ಅವರ ಕಣ್ಣು ಅವಳ ಬೆರಳುಗಳನ್ನು ಬಿಟ್ಟು ಕದಲಲಿಲ್ಲ. ಅವಳು ಅವರ ನೋಟದ ಜಾಡು ಹಿಡಿದು ತನ್ನ ಕೈಯನ್ನೇ ನೋಡಿಕೊಂಡಳು. ಎಡಗೈಯಿಂದ ಅದನ್ನು ಮುಚ್ಚಿದಳು. ಕೆಳಗೆ ಬೆರಳುಗಳು ಎಣಿಸುತ್ತಲೇ ಇದ್ದವು.

"ಶುರುವಾಗಿದ್ಯಾ ಮಾಮ?"

"ಇರಬಹುದು ಮಗು. ನಂಗೊತ್ತಿಲ್ಲ. ಗೊತ್ತು ಮಾಡ್ಕೊಳ್ಳೋಕೆ ಇದ್ದ ದಾರಿ ನಿಮ್ಮಪ್ಪನ ಮಿದುಳೊಂದೇ."

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಡಾಕ್ಟರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಮಿದುಳು ಕೆಡುವಷ್ಟು ತಡ ಯಾಕಾಯಿತೆಂದು ಕೇಳಿದಳು. ಇದೊಂದನ್ನು ಮಾತ್ರ ಅವರು ಹೇಳದೆ ಉಳಿಸಿಕೊಂಡಿದ್ದರು. ತಲೆ ತಗ್ಗಿಸಿ, "ನಿನಗೋಸ್ಕರ ಕಾದ್ವಿ," ಎಂದರು.

ಅವಳು ಎದ್ದು ಬಾಗಿಲನ್ನು ಮೆಲ್ಲಗೆ ಮುಚ್ಚಿ ಬಂದಳು. ಅಮ್ಮನಿಗೆ ಕೇಳಿಸಬಾರದೆಂದೋ ಏನೋ, ದನಿ ತಗ್ಗಿಸಿದಳು.

"ಸಂಸ್ಥೆಯವರಿಗೆ ಫೋನ್ ಮಾಡಿ ನನ್ನ ಹೆಸರು ಕೊಡಿ. ನನ್ನದನ್ನಾದ್ರೂ ಸರಿಯಾಗಿ ನೋಡ್ಲಿ." ಸೆರಗಿನ ಮರೆಯ ಹೊಟ್ಟೆಯ ಕಡೆ ಗದ್ದದಿಂದಲೇ ತೋರಿಸಿದಳು. "ನಾನು ಹೋದ ದಿನ ಇದು ಎಷ್ಟು ಅತ್ರೂ, ಅಮ್ಮನ ಮುಖ ನೋಡ್ಬೇಕು ಅಂದ್ರೂ, ಕಾಯ್ಬೇಡಿ ಮಾಮ."

ಕಾಯುವುದಿಲ್ಲ ಎಂದು ಡಾಕ್ಟರು ಮಾತು ಕೊಟ್ಟರು.