ಕಬ್ಬಿಣದ ಕೈಗೆ ಕಲಿಸಿದ್ದು

ಬೆಂಕಿ ಬೀಳ್ಲಿ ನಿನ್ನ ಕಲೆಗೆ, ಆ ಬೆರಳಾಟ ಅಳಿಸು ಅಂದ್ರೆ ಅಳಿಸು, ಎಂದು ಉಜ್ಜನಪ್ಪ ಕೂಗಿದ್ದು ಆಲ್ಕೊಳದ ಆ ಖಾಲಿ ಪ್ರದರ್ಶನದ ಹಾಲ್‌ನ ಗೋಡೆಗೆ ಬಡಿದು ಅವನ ಕಿವಿಗೇ ವಾಪಸು ಬಂತು, ಮಗಳು ಅಮೂಲ್ಯ ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ, ಮೆಲ್ಲಗೆ ಮಾತಾಡಪ್ಪ, ಇನ್ನೇನು ಜನ ಬರ್ತಾರೆ — ಬರಲಿ, ಮೇಜಿನ ಮೇಲೆ ಅವಳು ಮಾಡಿದ ಮೊಣಕೈವರೆಗಿನ ಕಬ್ಬಿಣದ ಕೈ, ಎದುರಿಗೆ ಯಾರಾದರೂ ಕೈ ಎತ್ತಿದರೆ ಸಾಕು, ಅದೂ ಎದ್ದು ಅಂಗೈ ಅಡ್ಡ ಆಡಿಸುತ್ತದೆ, ನಿಲ್ಲಿಸು, ಆಮೇಲೆ ತೋರುಬೆರಳನ್ನು ಕೆಳಗೆ ಮಾಡಿ ತಿರುಗಿಸುತ್ತದೆ, ಇಳಿಸು, ಇಳಿಸು — ಕ್ರೇನಿನವನಿಗೆ ಕೆಳಗೆ ನಿಂತ ಖಲಾಸಿ ಕೊಡುವ ಸನ್ನೆ, ಭದ್ರಾವತಿಯ ಎರಕದ ಶೆಡ್ಡಿನಲ್ಲಿ ಇಪ್ಪತ್ತಾರು ವರ್ಷ ಅವನೇ ಕೊಟ್ಟಿದ್ದು, ಆ ಸದ್ದಿನಲ್ಲಿ ಬಾಯಿಗೆ ಬೆಲೆಯೆಲ್ಲಿ, ಕೈಯೇ ಮಾತು. ತಂತಿ ಹೊಲಿದ ಗವುಸು ಹಾಕ್ಕೊಂಡು ನಿನ್ನ ಸನ್ನೆ ಎಲ್ಲ ಮಾಡಪ್ಪ, ಯಂತ್ರ ಕಲಿಯುತ್ತೆ, ಅಂದಿದ್ದಳು ಮಗಳು, ಏಳನೇ ಕ್ಲಾಸಿಗೆ ನಿಂತವನು ಯಂತ್ರಕ್ಕೆ ಮೇಷ್ಟ್ರಾದ, ನಿಲ್ಲಿಸು ಎಂದು ತೋರಿಸಿದ ಕೈ ತಾನಾಗಿ ಕೆಳಗೆ ತಿರುಗಿತು, ನಡುಗಿತು, ಅವನಿಗೇ ತಿಳಿಯಲಿಲ್ಲ, ಯಂತ್ರ ತಿಳಿದುಕೊಂಡಿತು. ಆ ನಡುಕಾನೇ ಚೆಂದ ಅಪ್ಪ, ನಿಲ್ಲು ಅಂದು ಇಳಿ ಅನ್ನೋದು ಯಾಕೋ ಯಾರಿಗೂ ಗೊತ್ತಿಲ್ಲ, ಆ ಗೊತ್ತಿಲ್ಲದ್ದೇ ನನ್ನ ಪ್ರದರ್ಶನ — ಗೊತ್ತಿಲ್ಲವಂತೆ, ಅವನಿಗೆ ಗೊತ್ತಿದೆ, ಗುಂಡಿಯಲ್ಲಿ ಜೊತೆಯ ಖಲಾಸಿ ರುದ್ರೇಶ ಬಗ್ಗಿದ್ದಾನೆಂದು ನಿಲ್ಲಿಸು ಎಂದವನು, ಎಷ್ಟು ಹೊತ್ತಯ್ಯ ಎಂದು ಸಿಟ್ಟು ಬಂದು, ಹೊರಗೆ ಬಂದನೋ ಇಲ್ಲವೋ ನೋಡದೆ ಬೆರಳು ಕೆಳಗೆ ತಿರುಗಿಸಿದ, ಎರಡು ಟನ್ನಿನ ಅಚ್ಚು ರುದ್ರೇಶನ ಮೇಲೇ ಇಳಿಯಿತು, ಕ್ರೇನಿನ ಓಂಕಾರಪ್ಪ ಬ್ರೇಕು ಜಾರ್ತು ಸ್ವಾಮಿ ಅಂದ ಪೊಲೀಸರಿಗೆ, ಇವನು ಹೂಂ ಅಂದ, ಹನ್ನೊಂದು ವರ್ಷದಿಂದ ಹೂಂ. ಈಗ ರುದ್ರೇಶನ ಹೆಂಡತಿ ಉಮಾಮಹೇಶ್ವರಿಯೇ ಮೊದಲು ಕೈ ಎತ್ತಿ ಪ್ರದರ್ಶನ ಶುರು ಮಾಡಬೇಕಂತೆ, ರುದ್ರೇಶ ಇದ್ದಾಗ ಆ ಮನೆಯಲ್ಲಿ ಅನ್ನ ಸಾಕು ಅನ್ನಲಿಕ್ಕೂ ಅದೇ ಅಂಗೈ, ಇನ್ನಷ್ಟು ಬಡಿಸು ಅನ್ನಲಿಕ್ಕೂ ಅದೇ ಬೆರಳು, ಅವಳಿಗೆ ಆ ಸನ್ನೆ ಓದಲು ಬರುತ್ತದೆ. ಅಳಿಸು ಮಾರಾಯ್ತಿ. ಕಾರಣ ಹೇಳಪ್ಪ, ಈಗಲೇ ಅಳಿಸ್ತೀನಿ. ಕಾರಣ — ಬಾಯಿ ತೆರೆದ, ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದು, ಏನಣ್ಣ ಚೆನ್ನಾಗಿದ್ದೀರಾ, ಇದು ನಮ್ಮೋರ ಥರಾನೇ ಕೈ ಮಾಡುತ್ತಂತಲ್ಲ, ನೋಡೋಣ ಅಂತ ಬಂದೆ, ಎಂದು ಉಮಾಮಹೇಶ್ವರಿ ನಗುತ್ತಿದ್ದಾಳೆ, ಅವನು ಅವಳ ಪಕ್ಕದಿಂದಲೇ ಹೊರಬಿದ್ದ, ಅಪ್ಪಾ ಎಲ್ಲಿಗೆ, ಮೆಟ್ಟಿಲು, ಬಿಸಿಲು, ಸರ್ಕಲ್ಲು, ಭದ್ರಾವತಿ ಬಸ್ಸು ಬಂತು, ಹತ್ತಿದ, ತಿರುಗಿ ನೋಡಲಿಲ್ಲ, ಇನ್ನು ಆ ಕಡೆ ಕಾಲಿಡುವುದಿಲ್ಲ, ಇಷ್ಟು ಹೊತ್ತಿಗೆ ಅವಳು ಕೈ ಎತ್ತಿರುತ್ತಾಳೆ, ಅಂಗೈ ಆಡಿರುತ್ತದೆ, ಈಗ ಆ ಬೆರಳು, ಕೆಳಗೆ, ನಡುಗುತ್ತ, ಕೆಳಗೆ