ಮುನ್ನೂರ ಅರವತ್ತು ನೀಲಿ ಕುರ್ಚಿಗಳು

ಅತ್ತೆ ಲಾರಿಯ ಹಾರ್ನ್ ಒತ್ತಿದರೆ ಸಿಗ್ನಲ್ಲಿನ ಕೆಂಪು ದೀಪವೇ ಬೆವರಿ ಹಸಿರಾಗುತ್ತಿತ್ತು, ಅಂಥ ಹೆಂಗಸು. ಬಾಡಿಗೆ ಕುರ್ಚಿಗಳ ಅಂಗಡಿಯನ್ನು ಮೂವತ್ತು ವರ್ಷ ಒಂದು ಕರಿಹಲಗೆ, ಒಂದು ಡಬ್ಬಿ ಸೀಮೆಸುಣ್ಣದಲ್ಲೇ ನಡೆಸಿದ್ದಳು. ಸೊಸೆ ಬಂದವಳೇ ಹಲಗೆಯನ್ನು ಮೂಲೆಗೆ ತಳ್ಳಿ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬರೆದಳು: ಯಾವ ಕುರ್ಚಿ, ಯಾರಿಗೆ, ಯಾವ ದಾರಿಯಲ್ಲಿ, ಎಷ್ಟು ಹೊತ್ತಿಗೆ. ಮುನ್ನೂರ ಅರವತ್ತು ಕುರ್ಚಿಗೂ ಒಂದೊಂದು ನಂಬರಿನ ಚೀಟಿ ಅಂಟಿಸಿದಳು. ಅಷ್ಟನ್ನೂ ಲೆಕ್ಕ ಹಾಕಲು ಕಂಪ್ಯೂಟರ್ ಒಂದು ತಾಸು ಏದುಸಿರು ಬಿಡುತ್ತಿತ್ತು. ಅದರ ಬಿಸಿಗೆ ಪಕ್ಕದ ಮನೆಯವರು ಬಟ್ಟೆ ಒಣಗಿಸಿಕೊಳ್ಳುತ್ತಿದ್ದರು, ನಂಬಿದರೆ ನಂಬಿ.

"ಇವತ್ತೊಂದು ದಿನ ನೋಡ್ತೀನಿ," ಅಂದಳು ಅತ್ತೆ. "ಹತ್ತು ಗಂಟೆ ಪರೀಕ್ಷೆಗೆ ಶಾಲೇಲಿ ಕುರ್ಚಿ ಇಳೀಲಿಲ್ಲವೋ, ನಿನ್ನ ಪ್ರೋಗ್ರಾಂ ಮೂಲೆಗೆ, ನನ್ನ ಹಲಗೆ ಗೋಡೆಗೆ."

ಮೊದಲು ಶಾಲೆ, ಆಮೇಲೆ ಗ್ರಂಥಾಲಯ, ಕೊನೆಗೆ ನಾಟಕಮಂದಿರ; ತಲಾ ನೂರಿಪ್ಪತ್ತು ಕುರ್ಚಿ. ದಾರಿ ಬೆಣ್ಣೆಯಂತಿತ್ತು. ಒಂಬತ್ತೂವರೆಗೇ ಶಾಲೆ ಮುಟ್ಟಿ, ಸೊಸೆ ಗತ್ತಿನಿಂದ ಲಾರಿಯ ಹಿಂಬಾಗಿಲು ತೆರೆದಳು. ಪ್ರೋಗ್ರಾಂ ಕೊಟ್ಟ ಪಟ್ಟಿಯ ಕ್ರಮದಲ್ಲೇ ತುಂಬಿಸಿಬಿಟ್ಟಿದ್ದಳಲ್ಲ! ಮೊದಲು ಹತ್ತಿದ ಶಾಲೆಯ ಕುರ್ಚಿಗಳು ಒಳಗೆ ಕಟ್ಟಕಡೆಗೆ; ಬಾಗಿಲಲ್ಲಿ ನಾಟಕದವರವು.

"ಎಲ್ಲ ಇಳಿಸಿ ಮತ್ತೆ ಹೇರೋ ಹೊತ್ತಿಗೆ ಮುಂದಿನ ವರ್ಷದ ಪರೀಕ್ಷೆ ಬಂದಿರತ್ತೆ," ಅತ್ತೆ ಸ್ಟೀರಿಂಗ್ ಬಿಟ್ಟು ಇಳಿದು ಬಂದಳು. "ಸೀಮೆಸುಣ್ಣ ಎಲ್ಲಿಟ್ಟಿದ್ದೀಯಮ್ಮಾ?"

ಸೊಸೆ ಒಂದು ಕುರ್ಚಿ ಇಳಿಸಿದಳು. ಕಾದು ಕಾಲು ಸೋತಿದ್ದ ಮುಖ್ಯೋಪಾಧ್ಯಾಯಿನಿ ಅದರಲ್ಲೇ ಕೂತುಬಿಟ್ಟರು.

"ಅಯ್ಯೋ ಮೇಡಂ, ಅದು ನಾಟಕದವರದು!"

"ಯಾಕೆ, ಇದರಲ್ಲಿ ಕೂತ ಮಕ್ಕಳು ಬಣ್ಣ ಹಚ್ಚಿಕೊಂಡು ಕುಣೀತಾರಾ?"

ಸೊಸೆ ಲಾರಿಯತ್ತ ತಿರುಗಿದಳು. ಕುರ್ಚಿಗಳನ್ನು ನೋಡಿದಳು. ಎಲ್ಲವೂ ನೀಲಿ, ಎಲ್ಲವೂ ಕಬ್ಬಿಣ, ಎಲ್ಲಕ್ಕೂ ನಾಲ್ಕೇ ಕಾಲು. ಬೇರೆ ಬೇರೆ ಇದ್ದದ್ದು ಅವಳೇ ಅಂಟಿಸಿದ ಚೀಟಿ ಮಾತ್ರ.

"ಅತ್ತೆ, ಬಾಗಿಲಲ್ಲಿರೋ ನೂರಿಪ್ಪತ್ತೂ ಇಲ್ಲೇ ಇಳಿಸೋಣ! ಶಾಲೇದು ನಾಟಕದವರಿಗಾಯ್ತು!"

ಇಬ್ಬರೂ ಇಳಿಸಿದ ರಭಸಕ್ಕೆ ಆಟದ ಮೈದಾನದ ಧೂಳೆದ್ದು ಸೂರ್ಯನೇ ಸೀನಿದ. ಕೊನೆಯ ಕುರ್ಚಿ ನೆಲ ಮುಟ್ಟಿತು, ಹತ್ತರ ಗಂಟೆ ಹೊಡೆಯಿತು.

ಹಾರ್ನ್ ಒತ್ತುತ್ತಲೇ ಅತ್ತೆ ಮೂರು ಸಿಗ್ನಲ್ ದಾಟಿದಳು. ಆಮೇಲೆ, "ಪ್ರೋಗ್ರಾಂ ಇರಲಿ. ಚೀಟಿ ಕಿತ್ತುಹಾಕು."

"ನಿಮ್ಮ ಹಲಗೆ?"

"ಅದೂ ಇರಲಿ. ಲಾರಿ ಹೇಗೆ ತುಂಬಬೇಕು ಅಂತ ಬರೆದು ತೋರಿಸ್ತೀನಿ."

ಚೀಟಿ ಕಿತ್ತ ಮೇಲೆ, ಯಾವ ಕುರ್ಚಿ ಯಾರಿಗೆ ಎಂಬ ತಲೆನೋವೇ ಇಲ್ಲದ ಕಂಪ್ಯೂಟರ್ ಅದೇ ಲೆಕ್ಕವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಬಿಡಿಸಿತು. ಬಟ್ಟೆ ಒಣಗಲಿಲ್ಲವೆಂದು ಪಕ್ಕದ ಮನೆಯವರು ಜಗಳಕ್ಕೆ ಬಂದರು.